ಕುದಿಸಿದ ಪುಡಿ, ಆರಿದ ಗಂಜಿ

ನನ್ನ ಮೊಮ್ಮಗಳ ಮೂರನೆಯ ಮೀನಿನ ಹೊಂಡ ಇವತ್ತು ಬೆಳಿಗ್ಗೆ ಶುರುವಾಯಿತು. ಮೊದಲು ಇದನ್ನು ಹೇಳಿಬಿಡಬೇಕು, ಉಳಿದದ್ದು ಆಮೇಲೆ. ಇದ್ದ ಎರಡು ಹೊಂಡ ಮುಚ್ಚಲೆಂದು ಹೇಳಿಟ್ಟಿದ್ದ ಜೆಸಿಬಿಯೇ ಬಂದು, ಮುಚ್ಚುವ ಕೆಲಸ ಬಿಟ್ಟು, ಅವುಗಳ ಪಕ್ಕದಲ್ಲಿ ಇನ್ನೊಂದನ್ನು ಅಗೆಯಿತು. ಅಗೆಯಲು ಹೇಳಿದವನು ಮುಚ್ಚಲು ಹೇಳಿದವನೇ, ಅಂದರೆ ನನ್ನ ಮಗ. ನಾನು ಬದುವಿನ ಮೇಲೆ ಕಂಬಳಿ ಹೊದ್ದು ಕೂತು, ಮೊದಲ ಮಣ್ಣು ಎದ್ದದ್ದರಿಂದ ಹಿಡಿದು ಕೊನೆಯ ಮಣ್ಣು ಬೀಳುವ ತನಕ ನೋಡಿದೆ. ಎಪ್ಪತ್ತು ದಾಟಿದವನು ಜೆಸಿಬಿ ನೋಡುತ್ತ ಅರ್ಧ ದಿನ ಕೂರಬಾರದು ಎಂದು ಎಲ್ಲಿಯೂ ಬರೆದಿಲ್ಲ. ಬರೆದಿದ್ದರೂ ಓದಿ ಮುಗಿಸುವಷ್ಟರಲ್ಲಿ ಹೊಂಡ ಆಗಿಹೋಗುತ್ತಿತ್ತು, ನಾನು ಕಲಿತದ್ದು ಮೂರನೆಯ ಇಯತ್ತೆ.

ಇಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲಿ ಆಗಿರಲಿಲ್ಲ. ಈ ಮಾತನ್ನು ನನ್ನಾಕೆಯ ಎದುರಿಗೂ ಹೇಳಿದೆ. ಆಕೆ ತನಗೂ ಹಾಗೇ ಎಂದಳು.

ನಾವು ಐರಣಿಯವರು, ಕಂಬಳಿ ನೇಯುವವರು. ನೇಯುತ್ತಿದ್ದವರು ಎನ್ನಬೇಕು. ಮಗ್ಗ ಇನ್ನೂ ಪಡಸಾಲೆಯಲ್ಲಿ ಇದೆ, ವರ್ಷಕ್ಕೆ ನಾಲ್ಕು ಕಂಬಳಿ ಇಳಿಯುತ್ತವೆ, ಅದೂ ಕೈ ಮರೆಯಬಾರದೆಂದು. ನನ್ನ ಮಗ ಮಗ್ಗದ ಹತ್ತಿರ ಬರಲಿಲ್ಲ. ಅವನು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಹಿಡಿದ. ಒಂದು ಹಿಡಿ ಕಾಯಿ ಕೈಗೆ ತೆಗೆದುಕೊಂಡು, ಮುರಿದು, ಮೂಸಿ, ಇಡೀ ಚೀಲದ ದರ ಹೇಳುತ್ತಾನೆ. ಅಂಥವನ ಮಗಳು ಮೀನಿನ ಕಡೆಗೆ ಹೋದಳು.

ಮೊಮ್ಮಗಳು ಹಾವೇರಿಯಲ್ಲಿ ಡಿಗ್ರಿ ಮುಗಿಸಿ, ಮೀನು ಸಾಕುವ ತರಬೇತಿಯನ್ನೂ ಮುಗಿಸಿ ಮನೆಗೆ ಬಂದಳು. ಹೊಳೆಯ ಕಡೆಗೆ ನಮ್ಮದೊಂದು ಎಕರೆ ತಗ್ಗಿನ ಹೊಲ ಇದೆ. ಅಲ್ಲಿ ಗೋವಿನಜೋಳ ಹಾಕಿದರೆ ಬೇರು ನೀರಲ್ಲೇ ನಿಂತು ಬೆಳೆ ಹಳದಿಯಾಗುತ್ತಿತ್ತು. ನೀರು ಹೇಗೂ ನಿಲ್ಲುತ್ತದೆ, ನಿಲ್ಲುವಂತೆಯೇ ಮಾಡೋಣ ಎಂದು ಅವಳು ಎರಡು ಹೊಂಡ ತೆಗೆಸಿದಳು. ತಿನ್ನುವ ಮೀನು ಸಾಕಲು ಅಲ್ಲ, ಮರಿ ಮಾಡಿ ಮಾರಲು. ಕಾಗಿನೆಲೆ ಕಡೆಯ ಕೆರೆ ಹಿಡಿದವರು, ಕರ್ಜಗಿ ಕಡೆ ಹೊಲದಲ್ಲಿ ಹೊಂಡ ಮಾಡಿಕೊಂಡವರು ಮೀನುಮರಿಗೆ ದೂರದ ಡ್ಯಾಮಿನ ತನಕ ಹೋಗುತ್ತಿದ್ದರು. ಹಾದಿಯಲ್ಲೇ ಅರ್ಧ ಸತ್ತು, ಉಳಿದರ್ಧ ಸಾಯುವ ಯೋಚನೆಯಲ್ಲಿ ಇರುತ್ತಿದ್ದವು. ಮರಿ ಇಲ್ಲೇ ಹುಟ್ಟಿದರೆ ಇಲ್ಲೇ ಬದುಕುತ್ತವೆ ಎಂಬುದು ಅವಳ ಲೆಕ್ಕ.

ಇದನ್ನು ಕೇಳಿದ ದಿನ ಮಗ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ಮೀನಕ್ಕ ಬಾಣಂತನ ಮಾಡಾಕ ನಿನ್ನ ಕಾಲೇಜಿಗೆ ಕಳಿಸಿದ್ನೇನು ನಾನು?"

"ಯಾರರ ಬೀಜಾ ಮಾಡ್ತಾರಂತನ ನೀ ಮೆಣಸಿನಕಾಯಿ ಮಾರ್ತಿ, ಅಪ್ಪಾ" ಎಂದಳು.

ಚಹಾ ಆರಿಹೋಯಿತು. ಹೊಂಡ ಉಳಿದವು.

ಅವಳು ಸಾಕಿದ್ದು ಗೆಂಡೆ ಮೀನು. ಗೆಂಡೆ ಹೆರಿಗೆಗೆ ಉಪಚಾರ ಬೇಡುವ ಜಾತಿಯಲ್ಲ. ಸೊಳ್ಳೆಪರದೆಯಂಥ ಬಟ್ಟೆಯ ತೊಟ್ಟಿಯೊಂದನ್ನು ನೀರಿನಲ್ಲಿ ಕಟ್ಟಿ, ಒಂದು ಹೆಣ್ಣಿಗೆ ಎರಡು ಗಂಡು ಬಿಟ್ಟು, ಮೇಲೆ ನೀರುಗಿಡದ ಎಳೆ ಹರಡಿದರೆ ಸಾಕು. ಬೆಳಗಾಗುವಷ್ಟರಲ್ಲಿ ಎಳೆಯ ತುಂಬ ಸಾಸಿವೆ ಅಂಟಿಸಿದ ಹಾಗೆ ತತ್ತಿ. ಮೂರನೆಯ ದಿನ ಮರಿ. ತಾಯಿಯ ಕೆಲಸ ಅಲ್ಲಿಗೆ ಮುಗಿಯಿತು, ನಮ್ಮ ಕೆಲಸ ಅಲ್ಲಿಂದ ಶುರು. ಬೆರಳ ಉಗುರಿನಷ್ಟು ಆಗುವುದರೊಳಗೆ ಮರಿಗಳು ಸಾಯುತ್ತವೆ. ಹೊಟ್ಟೆ ಉಬ್ಬಿ ಸಾಯುತ್ತವೆ, ಉಬ್ಬದೆಯೂ ಸಾಯುತ್ತವೆ, ಒಮ್ಮೊಮ್ಮೆ ಯಾಕೆಂದು ಅವಕ್ಕೂ ಗೊತ್ತಿರಲಿಕ್ಕಿಲ್ಲ.

ಬದುಕಿದವನ್ನು ಎಣಿಸುವುದು ಬಟ್ಟಲಿನಿಂದ. ತೂತಿನ ಬಟ್ಟಲೊಂದರಲ್ಲಿ ಮರಿ ತುಂಬಿ, ನೀರು ಸೋಸಿ, ಒಂದು ಬಟ್ಟಲಿಗೆ ಎಷ್ಟು ಎಂದು ಒಮ್ಮೆ ಎಣಿಸಿಟ್ಟುಕೊಂಡರೆ ಮುಂದೆ ಬಟ್ಟಲು ಎಣಿಸಿದರೆ ಆಯಿತು. ಹೋದ ವರ್ಷ ಒಂದೊಂದು ಹೊಂಡಕ್ಕೆ ಮೂವತ್ತು ಬಟ್ಟಲು ದಾಟಲಿಲ್ಲ. ಹಿಂಡಿ, ತೌಡು, ಡೀಸೆಲ್ಲು ಎಲ್ಲ ಕಳೆದು ಮಗ ಬಾಕಿ ಏನು ಉಳಿಯಿತು ಎಂದು ನೋಡಿದ. ಉಳಿದದ್ದು ಹೊಂಡ ಮಾತ್ರ.

ಈ ವರ್ಷ ಮುಂಗಾರು ಶುರುವಾದಾಗ ಅವನು ಗಡುವು ಹಾಕಿದ. ಹಿಂಗಾರಿ ಜೋಳ ಬಿತ್ತುವುದರೊಳಗೆ ಮೀನು ತನ್ನ ಖರ್ಚು ತಾನು ದುಡಿಯಬೇಕು, ಇಲ್ಲದಿದ್ದರೆ ಎರಡೂ ಹೊಂಡ ಮುಚ್ಚಿ ಜೋಳ. ಬರೀ ಮಾತಾಡಿ ಸುಮ್ಮನಿರಲಿಲ್ಲ. ಬಿತ್ತನೆಯ ಹೊತ್ತಿಗೆ ಜೆಸಿಬಿ ಯಾರಿಗೂ ಸಿಗುವುದಿಲ್ಲವೆಂದು ಆಗಲೇ ದಿನ ಗೊತ್ತು ಮಾಡಿ ಮುಂಗಡ ಕೊಟ್ಟು ಬಂದ. ಮೊಮ್ಮಗಳ ಕೈಯಲ್ಲಿ ಉಳಿದದ್ದು ಎರಡು ಸಲದ ಮರಿ, ಅಷ್ಟೆ. ಅವಳು ಅಳಲಿಲ್ಲ, ಊಟ ಬಿಡಲಿಲ್ಲ. ರಾಣೆಬೆನ್ನೂರಿಗೆ ಹೋಗಿ ಪುಡಿ ತರೋಣ ಬಾ ಅಜ್ಜಾ ಎಂದಳು.

ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿಗಳದ್ದೇ ಸಾಲು. ಅದರಲ್ಲೊಬ್ಬ ಅಂಗಡಿಯವ ಈಗ ಮೀನಿನ ಆಹಾರವನ್ನೂ ಇಟ್ಟಿದ್ದಾನೆ. ಅವನು ಬೆಳ್ಳಿಯ ಬಣ್ಣದ ಪಾಕೀಟೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ, ಕೂಸನ್ನು ತಂದ ಹಾಗೆ.

"ಇದರಾಗ ಜೀವ ಅದಾವ್ರಿ, ಯಜಮಾನ್ರ. ಕೋಟಿಗಟ್ಲೆ."

ನಾನು ಪಾಕೀಟನ್ನು ಕಿವಿಗೆ ಹಿಡಿದು ನೋಡಿದೆ. ಅವನು ನಗಲಿಲ್ಲ, ದೊಡ್ಡ ಅಂಗಡಿಯವರಿಗೆ ಅದು ರೂಢಿಯಿರಬೇಕು. ಇದಕ್ಕೆ ಪ್ರೋಬಯೋಟಿಕ್ ಎನ್ನುತ್ತಾರೆ, ಇದರಲ್ಲಿ ಒಳ್ಳೆಯ ಹುಳಗಳಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಮರಿಯ ಹೊಟ್ಟೆಗೆ ಹೋಗಿ ಕೆಟ್ಟ ಹುಳಗಳನ್ನು ಹೊರಗೆ ಹಾಕಿ ತಾವು ಮನೆ ಮಾಡುತ್ತವೆ, ತಿಂದದ್ದನ್ನು ಅರಗಿಸಿಕೊಡುತ್ತವೆ ಎಂದು ವಿವರಿಸಿದ. ನಾನು ಹುಡುಗನಾಗಿದ್ದಾಗಿನಿಂದ ದವಾಖಾನೆಯವರು ಮನೆಮನೆಗೆ ಬಂದು ನೀರಿನಲ್ಲಿ ಹುಳ ಇರುತ್ತವೆ, ಕುದಿಸಿ ಕುಡಿಯಿರಿ ಎಂದು ಹೇಳಿ ಹೋಗುತ್ತಿದ್ದರು. ಅಷ್ಟು ವರ್ಷ ಪುಕ್ಕಟೆ ಸಿಗುತ್ತಿದ್ದ ಹುಳವನ್ನು ಕುದಿಸಿ ಕೊಂದು, ಈಗ ರೊಕ್ಕ ಕೊಟ್ಟು ಹುಳ ಕೊಳ್ಳುವ ಕಾಲ ಬಂತು. ದರ ಕೇಳಿದೆ. ಒಂದು ಪಾಕೀಟಿಗೆ ನನ್ನ ಒಂದು ಕಂಬಳಿ. ಕಂಬಳಿ ನೇಯಲು ನನಗೆ ಎಷ್ಟು ದಿನ ಬೇಕು ಎಂದು ಆ ಕೋಟಿ ಜೀವಗಳಿಗೆ ಗೊತ್ತಿದ್ದಿದ್ದರೆ ನಾಚಿಕೆಯಿಂದ ಅರ್ಧ ದರಕ್ಕೆ ಬರುತ್ತಿದ್ದವು.

ಮಾತು ಅಲ್ಲಿಗೆ ಮುಗಿಯಲಿಲ್ಲ. ಪುಡಿಯನ್ನು ಸುಮ್ಮನೆ ತೌಡಿನಲ್ಲಿ ಕಲಸಿ ಚೆಲ್ಲಿದರೆ ಮೀನಿನ ಬಾಯಿಗೆ ಹೋಗುವ ಮೊದಲೇ ನೀರಿಗೆ ಹೋಗುತ್ತದೆ. ಅದನ್ನು ಆಹಾರಕ್ಕೆ ಅಂಟಿಸಲು ಬೇರೆ ಜೆಲ್ ಬರುತ್ತದೆ, ಅದರ ಬಾಟಲಿ ಬೇರೆ, ದರ ಬೇರೆ. ಮೊಮ್ಮಗಳು ಅಪ್ಪನಿಗೆ ಫೋನು ಹಚ್ಚಿದಳು. ಪುಡಿಗೆ ಹೂಂ ಎಂದವನು ಜೆಲ್ಲಿಗೆ ಬಂದಾಗ ನಿಂತ. ಔಷಧಕ್ಕೂ ಔಷಧ ಹಾಕುವುದಾದರೆ ಅದು ಎಂಥ ಔಷಧ ಎಂದು ಕೇಳಿದನಂತೆ. ಅದು ತಪ್ಪು ಪ್ರಶ್ನೆಯೂ ಅಲ್ಲ.

ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಅಂಟಿಸುವುದಷ್ಟೇ ತಾನೆ, ಬಿಡು ಆ ಬಾಟಲಿ, ನಾನು ಅಂಟಿಸುತ್ತೇನೆ ಎಂದೆ.

ಕಂಬಳಿ ನೇಯುವವರಿಗೆ ಅಂಟು ಎಂದರೆ ಹುಣಸೆ ಬೀಜ. ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ದೊಡ್ಡ ಗಡಿಗೆಯಲ್ಲಿ ಗಂಜಿ ಕಾಯಿಸುತ್ತೇವೆ. ಓಣಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಉಣ್ಣೆಯ ಹಾಸುನೂಲಿಗೆ ಆ ಗಂಜಿಯನ್ನು ಕುಂಚದಿಂದ ಬಳಿದರೆ ಎಳೆ ಗಟ್ಟಿಯಾಗಿ ಮಗ್ಗಕ್ಕೆ ಏರುತ್ತದೆ. ಇದರಲ್ಲಿ ಒಂದೇ ಕಟ್ಟಳೆ, ನನ್ನ ಅಪ್ಪ ನನ್ನ ಬೆನ್ನಿಗೆ ಬಾರಿಸಿ ಕಲಿಸಿದ್ದು: ಗಂಜಿ ಕುದಿಯುತ್ತಿದ್ದಾಗಲೇ ಕೆಲಸ ಮುಗಿಸಬೇಕು. ಆರಿದರೆ ಗಂಟುಗಟ್ಟುತ್ತದೆ, ಎಳೆಗೆ ಸರಿಯಾಗಿ ಹತ್ತುವುದಿಲ್ಲ. ಆರಿದ ಗಂಜಿ ಹಚ್ಚಿದವನನ್ನು ನಮ್ಮಲ್ಲಿ ನೇಕಾರ ಎನ್ನುವುದಿಲ್ಲ.

ಆಹಾರ ಮಾಡುವ ಕೆಲಸ ಅವತ್ತಿನಿಂದ ನನ್ನದಾಯಿತು. ಮೊಮ್ಮಗಳು ಹೊಲದಲ್ಲಿ ಹೊಂಡ ನೋಡಿಕೊಳ್ಳುತ್ತಿದ್ದಳು, ನಾನು ಮನೆಯ ಹಿತ್ತಲಿನಲ್ಲಿ ಒಲೆ ಹೂಡಿದೆ. ಶೇಂಗಾ ಹಿಂಡಿ, ಅಕ್ಕಿ ತೌಡು, ಹುಣಸೆ ಗಂಜಿ ಹಾಕಿ ಕಣಕದ ಹಾಗೆ ನಾದಿ, ಶಾವಿಗೆ ಒತ್ತುವ ಮಣೆಯಲ್ಲಿ ಒತ್ತಿ, ನೆರಳಿಗೆ ಒಣಗಿಸಿ, ಕೈಯಲ್ಲಿ ಪುಡಿ ಮಾಡಿ ಕೊಡುವುದು. ಮಣೆ ನನ್ನಾಕೆಯದು, ತವರಿನಿಂದ ಬಂದದ್ದು. ಕೊಡುವಾಗ ಒಂದು ಮಾತು ಅಂದೇ ಕೊಟ್ಟಳು.

"ನಿಮ್ಮ ತಂಗಿ ಕೇಳಿದ್ರ ಕೊಟ್ಟಿಲ್ಲ ನಾ ಈ ಮಣಿ. ಮೀನಕ್ಕ ಕೊಟ್ಟೇನಂತ ಊರಾಗ ಹೇಳಬ್ಯಾಡ್ರಿ ಮತ್ತ."

ಒಂದು ಹೊಂಡದ ಆಹಾರಕ್ಕೆ ಪುಡಿ ಹಾಕಬೇಕು, ಇನ್ನೊಂದಕ್ಕೆ ಹಾಕಬಾರದು, ಎರಡಕ್ಕೂ ಒಂದೇ ಅಳತೆಯ ಮರಿ ಬಿಟ್ಟಿದ್ದೇನೆ, ಹೆಚ್ಚುಕಡಿಮೆ ಗೊತ್ತಾಗುತ್ತದೆ ಎಂದು ಮೊಮ್ಮಗಳು ತಿಳಿಸಿ ಹೇಳಿದಳು. ಪುಡಿಯನ್ನು ತಂಪಿನಲ್ಲಿ ಇಡಬೇಕು ಎಂದೂ ಹೇಳಿದಳು. ನಾನು ಆ ಮಾತನ್ನು ಶಿರಸಾ ಪಾಲಿಸಿದೆ. ಪಾಕೀಟನ್ನು ನೀರಿನ ಹರವಿಯ ಮಗ್ಗುಲಿಗೆ ಇಟ್ಟು, ಮೇಲೆ ಹಸಿ ಬಟ್ಟೆ ಹೊದಿಸಿ, ಬಟ್ಟೆ ಒಣಗಿದಾಗಲೆಲ್ಲ ಮತ್ತೆ ತೋಯಿಸುತ್ತಿದ್ದೆ. ನನ್ನ ಮಕ್ಕಳಿಗೆ ಜ್ವರ ಬಂದಾಗ ಇಷ್ಟು ಸಲ ಬಟ್ಟೆ ತೋಯಿಸಿರಲಿಲ್ಲ. ಹೀಗೆ ಹಗಲೆಲ್ಲ ತಂಪಾಗಿ ಕಾಪಾಡಿದ ಪುಡಿಯನ್ನು ಬೆಳಿಗ್ಗೆ ಎದ್ದು, ಅಳತೆಯ ಚಮಚೆಯಲ್ಲಿ ತೆಗೆದು, ಕೊತಕೊತ ಕುದಿಯುವ ಗಂಜಿಗೆ ಹಾಕುತ್ತಿದ್ದೆ.

ಒಂದು ದಿನ ನನ್ನಾಕೆ ಒಲೆಯ ಹತ್ತಿರ ನಿಂತು, ಅದರಲ್ಲಿ ಜೀವ ಇದೆ ಅಂದಿದ್ದರಲ್ಲ, ಕುದಿಯುವುದರಲ್ಲಿ ಹಾಕುತ್ತೀರಲ್ಲ ಎಂದು ಕೇಳಿದಳು. ಐವತ್ತು ವರ್ಷದ ನೇಕಾರನಿಗೆ ಗಂಜಿ ಕಲಿಸುತ್ತೀಯೇನು ಎಂದು ಹೇಳಿ ಕಳಿಸಿದೆ. ಆಕೆ ಹೋದಳು. ಹೋಗುವಾಗ ಮುಖದಲ್ಲಿ ಏನೂ ಇರಲಿಲ್ಲ, ಅದನ್ನು ನೋಡಿಯಾದರೂ ನಾನು ಎಚ್ಚರವಾಗಬೇಕಿತ್ತು.

ಇಪ್ಪತ್ತೈದು ದಿನ ಹೀಗೆ ನಡೆಯಿತು. ಆಹಾರ ಚೆನ್ನಾಗಿ ಬಂತು. ನೀರಿಗೆ ಹಾಕಿದರೆ ಕರಗುತ್ತಿರಲಿಲ್ಲ, ಹೊಗೆಯ ಹಾಗೆ ಏಳುತ್ತಿರಲಿಲ್ಲ, ಮರಿಗಳು ಬಂದು ಒಂದೊಂದೇ ಚೂರು ಎಳೆದುಕೊಂಡು ಹೋಗುತ್ತಿದ್ದವು. ನಾನು ಓಣಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ. ಕೇಳದವರಿಗೂ ನಿಲ್ಲಿಸಿ ಹೇಳಿದೆ, ಕಂಪನಿಯವರು ಬಾಟಲಿಯಲ್ಲಿ ಮಾರುವುದನ್ನು ನಾನು ಹಿತ್ತಲಿನಲ್ಲಿ ಕಾಯಿಸುತ್ತೇನೆ ಎಂದು.

ಎಣಿಸುವ ದಿನ ಬಂತು. ಮಗ ಬ್ಯಾಡಗಿಗೆ ಹೋಗದೆ ಹೊಂಡದ ಹತ್ತಿರ ನಿಂತ. ಪುಡಿ ಹಾಕದ ಹೊಂಡದಲ್ಲಿ ಮೂವತ್ತೆಂಟು ಬಟ್ಟಲು. ಪುಡಿ ಹಾಕಿದ ಹೊಂಡದಲ್ಲಿ ಮೂವತ್ತೇಳೂವರೆ. ಒಂದು ಕಂಬಳಿಯ ಬೆಲೆ ಕೊಟ್ಟು ಅರ್ಧ ಬಟ್ಟಲು ಕಡಿಮೆ ಮಾಡಿಕೊಂಡಿದ್ದೆವು.

ಮಗ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ ಲೆಕ್ಕ ಹೇಳಿದ. ಒಂದು ಸಲದ ಪುಡಿಯ ಬೆಲೆ ನಾಲ್ಕು ಬಟ್ಟಲು ಮರಿಯ ಬೆಲೆಗೆ ಸಮ. ಪುಡಿ ಹಾಕಿದ ಹೊಂಡ ನಾಲ್ಕು ಬಟ್ಟಲು ಹೆಚ್ಚು ಕೊಟ್ಟಿದ್ದರೆ ಅಲ್ಲಿಗಲ್ಲಿಗೆ ಆಗುತ್ತಿತ್ತು, ಐದು ಕೊಟ್ಟಿದ್ದರೆ ಲಾಭ. ಇದು ಕೊಟ್ಟದ್ದು ಅರ್ಧ ಕಡಿಮೆ. ಪುಡಿ ಸುಳ್ಳು ಎಂದು ಹೇಳಿ ಕೈ ತೊಳೆದುಕೊಂಡು ಹೋದ. ಹೋದ ವರ್ಷ ಮೂವತ್ತಿದ್ದದ್ದು ಈ ಸಲ ಎರಡೂ ಹೊಂಡದಲ್ಲಿ ಮೂವತ್ತೆಂಟರ ಹತ್ತಿರ ಯಾಕೆ ಹೋಯಿತು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಷ್ಟದ ಲೆಕ್ಕದಲ್ಲಿ ಎಲ್ಲರೂ ಮುಳುಗಿದ್ದಾಗ ಲಾಭ ದಂಡೆಯಲ್ಲಿ ಕೂತು ನಮ್ಮನ್ನು ನೋಡುತ್ತಿತ್ತು.

ಮೊಮ್ಮಗಳು ಅಂಗಡಿಯವನಿಗೆ ಫೋನು ಮಾಡಿದಳು. ಅವನು ಗಾಬರಿಯಾಗಲಿಲ್ಲ, ಪುಡಿ ಎರಡರಷ್ಟು ಹಾಕಿ ಎಂದ. ತಾಯಿ ಮೀನಿಗೂ ಹಾಕಿ, ನೀರಿಗೂ ಹಾಕಿ ಎಂದ. ಕೆಲಸ ಮಾಡದ ಔಷಧಕ್ಕೆ ಅದೇ ಔಷಧವನ್ನು ಇನ್ನೂ ಹೆಚ್ಚಿಗೆ ಕೊಡುವುದು ಮೀನಿನ ವೈದ್ಯದಲ್ಲಿಯೂ ಇದೆ ಎಂದು ಗೊತ್ತಾಗಿ ನನಗೆ ಸಮಾಧಾನವಾಯಿತು. ಮನುಷ್ಯರಿಗೆ ಮಾತ್ರ ಹೀಗೆ ಎಂದುಕೊಂಡಿದ್ದೆ.

ಎರಡನೆಯ ಸಲದ ಮರಿ ಹುಟ್ಟಿ ನಾಲ್ಕೈದು ದಿನವಾಗಿತ್ತು. ಹೊಂಡದ ಲೆಕ್ಕ ಇನ್ನು ಈ ಮರಿಗಳ ಮೇಲೆಯೇ. ಅವತ್ತು ಬೆಳಿಗ್ಗೆ ಮೊಮ್ಮಗಳು ಹರಿದ ಬಲೆ ಹೊಲಿಯಲು ದಬ್ಬಣ ಹುಡುಕುತ್ತ ಮನೆಗೆ ಬಂದಳು. ನಾನು ಒಲೆಯ ಮುಂದೆ ಇದ್ದೆ. ಚಮಚೆಯಲ್ಲಿ ಪುಡಿ ತೆಗೆದು ಗಡಿಗೆಗೆ ಹಾಕಿ ತಿರುವಿದೆ. ಅವಳು ನನ್ನ ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಗಡಿಗೆಯ ಮೇಲೆ ಕೈ ಹಿಡಿದಳು, ಹಬೆ ತಾಗಿ ಹಿಂದೆ ತೆಗೆದಳು.

"ಅಜ್ಜಾ, ಇದು ಕುದ್ಯಾಕತ್ತೈತಿ."

"ಕುದೀಬೇಕಲ್ಲವ್ವ ಮತ್ತ. ಆರಿದ್ರ ಹತ್ತೂದಿಲ್ಲ."

"ಮೊದಲನೇ ಸಲಾನೂ ಹಿಂಗ ಹಾಕಿದ್ಯಾ?"

"ದಿನಾ ಹಿಂಗ. ಒಂದು ದಿನ ಸುದ್ದಾ ತಪ್ಪಿಸಿಲ್ಲ."

ಅವಳು ಒರಳಿನ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಮೊದಲು ಕಣ್ಣು ತುಂಬಿದವು, ಆಮೇಲೆ ಭುಜ ಅಲುಗಿದವು, ನೋಡಿದರೆ ನಗುತ್ತಿದ್ದಾಳೆ, ನಗು ನಿಲ್ಲಿಸಲು ಆಗದೆ ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದಾಳೆ. ಕೋಟಿಗಟ್ಟಲೆ ಜೀವ ಇದ್ದ ಪುಡಿಯನ್ನು ಇಪ್ಪತ್ತೈದು ದಿನ ತಪ್ಪದೆ ಬೇಯಿಸಿದವನು ನಾನು. ದವಾಖಾನೆಯವರು ಹೇಳಿದ್ದ ಕೆಲಸವನ್ನು ಇಷ್ಟು ಚೊಕ್ಕಟವಾಗಿ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬ ಮಾಡಿರಲಿಕ್ಕಿಲ್ಲ.

ಇದನ್ನು ಇಲ್ಲೇ ಮುಚ್ಚಿ ಹಾಕೋಣ, ಈ ಸಲ ಆರಿಸಿ ಹಾಕುತ್ತೇನೆ, ನಿಮ್ಮಪ್ಪನಿಗೆ ಗೊತ್ತಾಗುವುದು ಬೇಡ ಎಂದೆ. ಅವಳು ನಗು ನಿಲ್ಲಿಸಿದಳು. ಅಪ್ಪ ಪುಡಿಗೆ ಇನ್ನು ರೊಕ್ಕ ಕೊಡುವುದಿಲ್ಲ, ಇದ್ದ ಪಾಕೀಟು ವಾರದಲ್ಲಿ ಮುಗಿಯುತ್ತದೆ, ಪುಡಿ ಸುಳ್ಳಲ್ಲ ಎಂದು ಅವನು ನಂಬಬೇಕಾದರೆ ಏನಾಯಿತು ಎಂದು ಅವನಿಗೆ ಗೊತ್ತಾಗಲೇಬೇಕು. ಅಂದರೆ ಹೊಂಡ ಉಳಿಯಬೇಕಾದರೆ ನಾನು ಮಗನ ಎದುರಿಗೆ ಮಂಗ್ಯಾ ಆಗಬೇಕು. ಅವಳು ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ನೀನೇ ಹೇಳುತ್ತೀಯೋ ನಾನೇ ಹೇಳಲೋ ಎಂದಷ್ಟೇ ಕೇಳಿದಳು.

ನಾನೇ ಹೇಳಿದೆ. ಮಧ್ಯಾಹ್ನ ಮಗ ಊಟಕ್ಕೆ ಕೂತಿದ್ದ, ಸೊಸೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಂಬಳಿಯ ಗಂಜಿಯಿಂದ ಶುರು ಮಾಡಿದೆ, ನನ್ನ ಅಪ್ಪ ಬೆನ್ನಿಗೆ ಬಾರಿಸಿದ್ದನ್ನು ಹೇಳಿದೆ, ದವಾಖಾನೆಯವರನ್ನು ತಂದೆ. ಊರೆಲ್ಲ ಸುತ್ತಿ ಕೊನೆಗೆ ಒಲೆಯ ಹತ್ತಿರ ಬಂದೆ. ಸೊಸೆಯ ರೊಟ್ಟಿ ಬಡಿಯುವ ಸದ್ದು ನಿಂತಿತು. ನನ್ನಾಕೆ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಹೇಳಿರಲಿಲ್ಲವೇ ಎಂದು ಆಕೆ ಬಾಯಲ್ಲಿ ಹೇಳಲಿಲ್ಲ, ನಿಂತ ಭಂಗಿಯಲ್ಲೇ ಹೇಳಿದಳು.

ಮಗ ಬಾಯಲ್ಲಿದ್ದ ತುತ್ತು ನುಂಗಿ ನನ್ನ ಮುಖ ನೋಡಿದ.

"ಕಂಬಳಿ ಗಂಜಿ ಮೀನಕ್ಕ ಹಾಕಿದಿ. ಇನ್ನ ಅವಕ್ಕ ಕಂಬಳಿ ಹೊದಿಸೂದೊಂದು ಉಳೀತು, ನೋಡಪ್ಪಾ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಹಾದಿ ಇರಲಿಲ್ಲ. ಮೊಮ್ಮಗಳು ಮಾತ್ರ ನಗದೆ ಅಪ್ಪನ ಕೈ ನೋಡುತ್ತಿದ್ದಳು. ಅವನು ಲೆಕ್ಕ ಹಾಕುವಾಗ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಾನೆ. ಎಣಿಸುತ್ತಿದ್ದ.

"ತೊಯ್ದ ಚೀಲ ನೋಡಿ ಮಾಲಿನ ದರ ಕಟ್ಟೂದಿಲ್ಲ ನಾವು ಬ್ಯಾಡಗ್ಯಾಗ" ಎಂದ ಕೊನೆಗೆ. "ಒಣಗಿದ್ದ ಇನ್ನೊಂದು ಚೀಲ ಬಿಚ್ಚಸ್ತೇವಿ. ಪುಡಿ ತಗೊಂಡು ಬಾ. ಜೆಸಿಬಿ ದಿನಾ ಮಾತ್ರ ಬದಲಾಗೂದಿಲ್ಲ."

ಗಂಜಿ ಆರಿಸುವುದು ಎಷ್ಟು ಕಷ್ಟ ಎಂದು ನನಗೆ ಆಮೇಲೆ ಗೊತ್ತಾಯಿತು. ಕೆಲಸ ಏನೂ ಇಲ್ಲ, ಗಡಿಗೆ ಇಳಿಸಿ ಸುಮ್ಮನೆ ಕೂರಬೇಕು. ಆದರೆ ಕುದಿಯುವ ಗಂಜಿ ಕಂಡ ಕೂಡಲೇ ನನ್ನ ಕೈ ತಾನೇ ಚಮಚೆಯ ಕಡೆಗೆ ಹೋಗುತ್ತಿತ್ತು. ಐವತ್ತು ವರ್ಷ ಕಲಿತ ಕೈಗೆ ಮಾತು ಕೇಳಿಸುವುದಿಲ್ಲ. ಅದಕ್ಕೆ ನನ್ನಾಕೆ ಪಾಕೀಟನ್ನು ತನ್ನ ಹತ್ತಿರ ಇಟ್ಟುಕೊಂಡಳು. ಗಂಜಿಗೆ ಮುಂಗೈ ಅದ್ದಿ, ಕೂಸಿನ ಹಾಲು ನೋಡುವ ಹಾಗೆ ನೋಡಿ, ಸುಡುವುದಿಲ್ಲ ಎಂದ ಮೇಲೆಯೇ ಪುಡಿ ಕೊಡುತ್ತಿದ್ದಳು. ಹುಣಸೆ ಗಂಜಿ ಆರಿದರೆ ಗಂಟುಗಟ್ಟುವುದು ಖರೇ. ಆ ಗಂಟನ್ನು ನಾನು ಬೆರಳಲ್ಲಿ ಹಿಸುಕಿ ಹಿಸುಕಿ ಒಡೆದೆ. ಆರಿದ ಗಂಜಿ ಹಚ್ಚಿದವನು ನೇಕಾರನಲ್ಲ ಎಂದಿದ್ದ ನನ್ನ ಅಪ್ಪ ಮೇಲಿನಿಂದ ನೋಡಿದ್ದರೆ ಇನ್ನೊಮ್ಮೆ ಬೆನ್ನಿಗೆ ಬಾರಿಸಲು ಇಳಿದು ಬರುತ್ತಿದ್ದ.

ಮೊಮ್ಮಗಳು ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ಸತ್ತ ಮರಿ ತೇಲಿವೆಯೇ ಎಂದು ನೋಡುತ್ತಿದ್ದಳು. ಒಂದು ದಿನ ಬದುವಿನ ಮೇಲೆ ನನ್ನ ಪಕ್ಕ ಕೂತು, ಹೊಂಡ ಹೋದರೆ ಏನು ಮಾಡಲಿ ಅಜ್ಜಾ ಎಂದು ಕೇಳಿದಳು. ಮಗ್ಗ ಖಾಲಿ ಇದೆ ಎಂದೆ. ನನ್ನ ತೋಳಿಗೆ ಒಂದು ಗುದ್ದು ಕೊಟ್ಟು ಎದ್ದು ಹೋದಳು.

ಎರಡನೆಯ ಎಣಿಕೆ ಮೊನ್ನೆ ಆಯಿತು. ಈ ಸಲ ಬಟ್ಟಲನ್ನು ಮಗನೇ ಕೈಗೆ ತೆಗೆದುಕೊಂಡ. ಪುಡಿ ಹಾಕದ ಹೊಂಡ ಮೊದಲು. ಮೂವತ್ತೆಂಟೂವರೆ. ಹೋದ ಸಲದಷ್ಟೇ. ಪುಡಿ ಹಾಕಿದ ಹೊಂಡಕ್ಕೆ ಬಂದೆವು. ಮೂವತ್ತೆಂಟು ದಾಟಿತು. ನಲವತ್ತೆರಡಕ್ಕೆ ಮಗ ಒಮ್ಮೆ ನಿಂತು ಮೂಗು ಒರೆಸಿಕೊಂಡ. ಪುಡಿಯ ನಾಲ್ಕು ಬಟ್ಟಲಿನಲ್ಲಿ ಮೂರೂವರೆ ಹುಟ್ಟಿತ್ತು, ಇನ್ನರ್ಧ ಆದರೆ ಖರ್ಚು ಮುಗಿಯಿತು, ಅದರ ಮೇಲಿನದ್ದೆಲ್ಲ ಲಾಭ. ನಲವತ್ತೈದಕ್ಕೆ ಸೊಸೆ ಸೆರಗು ಬಾಯಿಗೆ ಹಿಡಿದಳು. ನಲವತ್ತೊಂಬತ್ತಕ್ಕೆ ಬಲೆ ಖಾಲಿಯಾಯಿತು.

ಮಗ ಬಟ್ಟಲು ಕೆಳಗಿಟ್ಟು, ನೀರಿನಲ್ಲೇ ನಿಂತು, ಗೆಣ್ಣು ಎಣಿಸಿದ. ಆಗ ಹೋದ ವರ್ಷದ ಮೂವತ್ತು ಅವನಿಗೆ ನೆನಪಾಯಿತು. ಪುಡಿ ಇಲ್ಲದ ಹೊಂಡವೂ ಎಂಟು ಬಟ್ಟಲು ಹೆಚ್ಚು ಕೊಡುತ್ತಿದೆಯಲ್ಲ, ಅದು ಎಲ್ಲಿಂದ ಬಂತು ಎಂದು ಮಗಳನ್ನು ಕೇಳಿದ. ಹೋದ ವರ್ಷ ತೌಡು ಹಿಂಡಿ ಹಾಗೇ ಚೆಲ್ಲುತ್ತಿದ್ದೆವು, ಅರ್ಧ ನೀರಿಗೆ ಹೋಗಿ ನೀರೂ ಕೆಡುತ್ತಿತ್ತು, ಈಗ ಅಜ್ಜನ ಗಂಜಿ ಹಿಡಿದಿಟ್ಟುಕೊಳ್ಳುತ್ತಿದೆ, ಪುಡಿಯನ್ನೂ ಅದೇ ಹಿಡಿದಿಟ್ಟುಕೊಂಡಿದೆ ಎಂದಳು. ನಾನು ಕೆಮ್ಮಿದೆ. ಯಾರೂ ನನ್ನ ಕಡೆ ನೋಡದಿದ್ದುದರಿಂದ ಇನ್ನೊಮ್ಮೆ ಕೆಮ್ಮಿದೆ.

ಅಂಗಡಿಯವ ಹೇಳಿದ್ದಂತೆ ತಾಯಿ ಮೀನಿಗೂ ಸ್ವಲ್ಪ ದಿನ ಪುಡಿ ಕೊಟ್ಟು ನೋಡಿದ್ದೆವು. ಅವು ಮೊದಲೂ ದಪ್ಪಗಿದ್ದವು, ಆಮೇಲೂ ದಪ್ಪಗಿದ್ದವು. ಎಣಿಸಲು ಏನೂ ಸಿಗಲಿಲ್ಲ, ಎಣಿಸಲು ಸಿಗದ್ದಕ್ಕೆ ನನ್ನ ಮಗ ರೊಕ್ಕ ಕೊಡುವವನಲ್ಲ. ಪುಡಿ ಮರಿಗೆ ಮಾತ್ರ, ಅದೂ ಬೆರಳುಗುರಿನಷ್ಟು ಆಗುವ ತನಕ, ಉಳಿದವಕ್ಕೆ ಬರೀ ಗಂಜಿ ಎಂದು ತೀರ್ಮಾನವಾಯಿತು. ಇದನ್ನು ಕೇಳಿ ಅಂಗಡಿಯವನ ಮುಖ ಸಣ್ಣದಾಯಿತಂತೆ. ಆದರೆ ವ್ಯಾಪಾರಿ, ಬೇಗ ಸುಧಾರಿಸಿಕೊಂಡು, ಆ ಗಂಜಿಗೆ ಏನೇನು ಹಾಕುತ್ತಾರೆ ಎಂದು ಕೇಳಿದನಂತೆ. ಮುಂದಿನ ಮಳೆಗಾಲಕ್ಕೆ ನನ್ನ ಹುಣಸೆ ಬೀಜ ಬಾಟಲಿಯೊಳಗೆ ಹೋಗಿ, ನಮಗೇ ಒಂದು ಕಂಬಳಿಯ ಬೆಲೆಗೆ ಬಂದರೆ ನನಗೇನೂ ಅಚ್ಚರಿಯಿಲ್ಲ.

ನಿನ್ನೆ ಕಾಗಿನೆಲೆಯವರು ಬಂದರು, ಕರ್ಜಗಿಯವರು ಬಂದರು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿಗಳು ಟೆಂಪೋ ಹತ್ತಿ ಹೋದವು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಿಲ್ಲುವಂತೆ ಮೊಮ್ಮಗಳು ಟೆಂಪೋ ಕಣ್ಮರೆಯಾಗುವ ತನಕ ನಿಂತಿದ್ದಳು, ಆಮೇಲೆ ಓಡಿಬಂದು ಇನ್ನೂ ಯಾರಿಗೆ ಮರಿ ಬೇಕಂತೆ ಎಂದು ಫೋನು ನೋಡಿದಳು.

ಇವತ್ತು ಬೆಳಿಗ್ಗೆ ಜೆಸಿಬಿ ಸದ್ದು ಮಾಡುತ್ತ ಹೊಲಕ್ಕೆ ಬಂತು. ಅದಕ್ಕೆ ಬೇಡ ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದೆವು. ಮೊಮ್ಮಗಳು ಬಣ್ಣ ಬಿಟ್ಟ ಮುಖದಲ್ಲಿ ಅಪ್ಪನನ್ನು ನೋಡಿದಳು. ಡ್ರೈವರು ಯಾವ ಹೊಂಡ ಮೊದಲು ಮುಚ್ಚಲಿ ಎಂದು ಕೇಳಿದ.

"ಮುಂಗಡ ಕೊಟ್ಟೇನಿ, ಬಂದ ಗಾಡಿ ಸುಮ್ನ ಹೊಳ್ಳಿಸ್ತಾರೇನು?" ಎಂದ ಮಗ. ಎರಡು ಹೊಂಡದ ಪಕ್ಕದ ಜಾಗಕ್ಕೆ ಕೈ ತೋರಿಸಿದ. "ಇಲ್ಲೆ ಅಗಿ. ಅವೆರಡರಷ್ಟ ಅಗಲ."

ಮೂರನೆಯ ಹೊಂಡದ ಕಾರಣ ಇದೇ ಎಂದು ಅವನು ಈಗಲೂ ಹೇಳುತ್ತಾನೆ, ಮುಂಗಡ ಹಾಳಾಗಬಾರದು ಅಂತ. ಮಗಳ ಮೇಲಿನ ಪ್ರೀತಿ ಅಲ್ಲವಂತೆ. ಮಣ್ಣು ಎತ್ತುವಾಗ ಅವನು ನಾಲ್ಕು ಸಲ ಕಣ್ಣು ಒರೆಸಿಕೊಂಡದ್ದು ದೂಳಿಗೇ ಇರಬೇಕು, ಮಣ್ಣು ಹಸಿಯಿತ್ತು ನಿಜ.

ಸಂಜೆ ಅವನು ರಾಣೆಬೆನ್ನೂರಿಗೆ ಹೋಗಿ ಮೀನು ತಂದ. ಮೂರು ಹೊಂಡದವರು ಪೇಟೆಯಲ್ಲಿ ನಿಂತು ತೂಕ ಮಾಡಿಸಿ ಮೀನು ಕೊಂಡು ತಂದೆವು. ನಮ್ಮಲ್ಲಿರುವವು ಒಂದೋ ತಾಯಂದಿರು, ಇಲ್ಲವೇ ಮರಿಗಳು, ಅವನ್ನು ಯಾರು ತಿನ್ನುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಅರೆದು ಸೊಸೆ ಸಾರು ಮಾಡಿದಳು, ಪಡಸಾಲೆಯ ತುಂಬ ಕೆಂಪು ವಾಸನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆರೆದ ಸೌತೆಕಾಯಿ. ಮಗ್ಗದ ಪಕ್ಕದಲ್ಲಿ ಸಾಲಾಗಿ ಕೂತೆವು, ಮಗ, ಮೊಮ್ಮಗಳು, ನಾನು. ಗಂಡಸರಿಗೆ ಮೊದಲು ಬಡಿಸಿ ಆಮೇಲೆ ಉಣ್ಣುವ ನನ್ನಾಕೆಯನ್ನೂ ಸೊಸೆಯನ್ನೂ ಮೊಮ್ಮಗಳು ಕೈಹಿಡಿದು ಎಳೆದು ಕೂರಿಸಿದಳು. ಶಾವಿಗೆ ಮಣೆ ಗೋಡೆಗೆ ಒರಗಿತ್ತು, ತೊಳೆದರೂ ಅದಕ್ಕೆ ಹಿಂಡಿಯ ವಾಸನೆ ಹೋಗಿಲ್ಲ. ಈ ವರ್ಷ ಶಾವಿಗೆ ಪಾಯಸ ಮೀನಿನ ಹಾಗೆ ಇರುತ್ತದೆ ಎಂದು ಸೊಸೆ ನಗಾಡಿದಳು.

ಮೊಮ್ಮಗಳು ದೊಡ್ಡ ಹೋಳು ಹುಡುಕಿ ನನ್ನ ತಾಟಿಗೆ ಹಾಕಿದಳು. ನಾನು ಮುರಿಯಲು ಕೈ ಹಾಕಿದೆ.

"ಬಿಸಿ ಐತ್ರಿ, ಆರಿಸಿಕೊಂಡು ತಿನ್ರಿ" ಎಂದಳು ನನ್ನಾಕೆ. "ಆರಸೂದು ಈಗರ ಕಲ್ತೀರಲ್ಲ."

ಮಗನಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು, ಮೊಮ್ಮಗಳು ಅವನ ತಲೆ ತಟ್ಟಿದಳು. ನಾನು ಬಿಸಿಯಿದ್ದದ್ದನ್ನೇ ತಿಂದೆ.